ತಾಲೀಮಿಗೊಬ್ಬ ಉಸ್ತಾದ್ ಬೇಕು

ತಾಲೀಮು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮೆರವಣಿಗೆ. ಬ್ಯಾಂಡಿನ ಸದ್ದು, ದೊಣ್ಣೆ ತಿರುಗಿಸುವ ಹುಡುಗರು, ಸುತ್ತ ಮೊಬೈಲು ಎತ್ತಿ ಹಿಡಿದ ನೂರಾರು ಕೈ. ಆದರೆ ಮದ್ರಸದಲ್ಲಿ ನಾಲ್ಕಕ್ಷರ ಅರಬಿ ಕಲಿತ ಮಗುವನ್ನು ಕೇಳಿ ನೋಡಿ, ತಾಲೀಮ್ ಅಂದರೆ ಎಂತ ಅಂತ. ಕಲಿಸುವುದು, ಪಾಠ ಅಂತ ಹೇಳುತ್ತದೆ. ಪಾಠ ಎಂಬ ಅರ್ಥದ ಪದವನ್ನು ನಾವು ಪ್ರದರ್ಶನಕ್ಕೆ ಇಟ್ಟುಕೊಂಡಿದ್ದೇವೆ. ಪಾಠ ಯಾವಾಗ, ಎಲ್ಲಿ, ಯಾರ ಹತ್ತಿರ ನಡೆಯುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಮೆರವಣಿಗೆಯಲ್ಲಿ ಚೆನ್ನಾಗಿ ದೊಣ್ಣೆ ತಿರುಗಿಸುವ ಹುಡುಗನನ್ನು ನಿಲ್ಲಿಸಿ ಎರಡು ಪ್ರಶ್ನೆ ಕೇಳಿ. ನಿನಗೆ ಕಲಿಸಿದವರು ಯಾರು? ಹೆಸರು ಹೇಳುತ್ತಾನೆ. ಅವರಿಗೆ ಕಲಿಸಿದವರು ಯಾರು? ಅಲ್ಲಿಗೆ ಮಾತು ನಿಲ್ಲುತ್ತದೆ. ಹುಡುಗನ ತಪ್ಪಲ್ಲ ಇದು, ಅವನಿಗೆ ಯಾರೂ ಹೇಳಿಲ್ಲ. ಸನದ್ ಎಂದರೆ ಏನೆಂದು ನಮ್ಮ ಸಮುದಾಯಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಕುರ್‌ಆನ್ ಪಾರಾಯಣ ಒಪ್ಪಿಸಿ ಇಜಾಝತ್ ಪಡೆದವನ ಕೈಯಲ್ಲಿ ಗುರುಗಳ ಹೆಸರಿನ ಸರಪಳಿ ಇರುತ್ತದೆ. ಹದೀಸ್ ಹೇಳುವಾಗ ಯಾರಿಂದ ಯಾರಿಗೆ ಬಂತು ಎಂದು ಕೇಳದೆ ಒಪ್ಪುವ ಪದ್ಧತಿ ನಮ್ಮಲ್ಲಿ ಇಲ್ಲ. ಇಷ್ಟು ಕಟ್ಟುನಿಟ್ಟಿನ ಅಭ್ಯಾಸ ಇರುವ ಜನ ಮೈಯ ವಿದ್ಯೆಯ ಮಟ್ಟಿಗೆ ಮಾತ್ರ ಸರಪಳಿಯನ್ನು ಯಾಕೆ ಕೈಬಿಟ್ಟರು ಎಂಬುದು ನನ್ನ ತಕರಾರು.

ಸರಪಳಿ ತುಂಡಾಗುವುದೂ, ಯಾರೋ ಕೂತು ಅದನ್ನು ಮತ್ತೆ ಜೋಡಿಸುವುದೂ ಹೇಗೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. 1956ರವರೆಗೆ ಕಾಸರಗೋಡು ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದನ್ನು ದಾಟಿದರೆ ಕಣ್ಣೂರು, ತಲಶ್ಶೇರಿ, ವಡಕರ. ನಮ್ಮ ಹಿರಿಯರು ವ್ಯಾಪಾರಕ್ಕೆ, ಸಂಬಂಧಕ್ಕೆ, ದರ್ಸ್ ಓದಲಿಕ್ಕೆ ಹೋಗಿ ಬಂದ ದಾರಿ. ಕಳರಿಪಯಟ್ಟಿನ ಬಡಗು ಸಂಪ್ರದಾಯ ಇರುವುದು ಅದೇ ದಾರಿಯಲ್ಲಿ.

ಬ್ರಿಟಿಷರ ಕಾಲದಲ್ಲಿ ಅಲ್ಲಿ ಕಳರಿಯ ಬೆನ್ನು ಮುರಿಯಿತು. ಪಳಶ್ಶಿ ರಾಜ 1805ರಲ್ಲಿ ಸತ್ತ ಹೊತ್ತಿಗೆ ಮಲಬಾರಿನ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕೆಲಸ ಶುರುವಾಗಿತ್ತು. ಮಾಪ್ಪಿಳರ ವಿಷಯದಲ್ಲಿ ಅದಕ್ಕೆ ಪ್ರತ್ಯೇಕ ಕಾಯಿದೆಯೇ ಬಂತು. 1854ರ ಆ ಕಾಯಿದೆ ಯುದ್ಧಕತ್ತಿ ಇಟ್ಟುಕೊಳ್ಳುವುದನ್ನು ಅಪರಾಧ ಮಾಡಿತು. ಕಲೆಕ್ಟರ್ ಕಾನೊಲ್ಲಿ ಊರೂರು ತಿರುಗಿ ಒಟ್ಟು ಮಾಡಿದ ಕತ್ತಿಗಳು 7 ಸಾವಿರಕ್ಕೂ ಹೆಚ್ಚು. ಮರುವರ್ಷ ಅವನ ಕೊಲೆಯೂ ಆಯಿತು, ಆ ಕಥೆ ಬೇರೆ. ಕತ್ತಿ ಕಿತ್ತುಕೊಂಡರೆ ಕತ್ತಿ ಹಿಡಿಯುವುದನ್ನು ಕಲಿಸುವವನಿಗೆ ಕೆಲಸ ಇಲ್ಲ. ಕೆಲಸ ಇಲ್ಲದ ಗುರುವಿಗೆ ಶಿಷ್ಯ ಇಲ್ಲ. ಎರಡು ತಲೆಮಾರು ಹೀಗೆ ಹೋದರೆ ಸಾಕು.

ಅಂಥ ಕಾಲದಲ್ಲಿ ಬಂದವರು ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್. ಹುಟ್ಟಿದ್ದು 1850, ತೀರಿಕೊಂಡದ್ದು 1935. ಒಂದೇ ಕಳರಿಯಲ್ಲಿ ಎಲ್ಲ ಸಿಗುವ ಕಾಲ ಮುಗಿದಿತ್ತು. ಅಲ್ಲಿ ಇಲ್ಲಿ ಉಳಿದಿದ್ದ ಗುರುಕ್ಕಳ್‌ಗಳನ್ನು ಹುಡುಕಿಕೊಂಡು ಹೋಗಿ, ಒಬ್ಬೊಬ್ಬರಿಂದ ಒಂದೊಂದು ಕಲಿತು ಒಟ್ಟು ಮಾಡಿದರು. ಇಳಿವಯಸ್ಸಿನಲ್ಲಿ ಅವರಿಗೆ ಸಿಕ್ಕ ಶಿಷ್ಯ ಚಂಬಾಡನ್ ವೀಟ್ಟಿಲ್ ನಾರಾಯಣನ್ ನಾಯರ್. ಇವತ್ತು ಕೇರಳದಲ್ಲಿ ಸಿವಿಎನ್ ಕಳರಿ ಎಂದು ಎಲ್ಲೆಲ್ಲಿ ಬೋರ್ಡು ಇದೆಯೋ ಅದರ ಮೂರು ಅಕ್ಷರ ಈ ಹೆಸರಿನದ್ದು. ಗುರು ತೀಯ ಸಮುದಾಯದವರು, ಶಿಷ್ಯ ನಾಯರ್. ಆ ಕಾಲದ ಮಲಬಾರಿನಲ್ಲಿ ಅದು ಸಣ್ಣ ಮಾತಲ್ಲ. ಸಿವಿಎನ್ ಈ ವಿದ್ಯೆಯನ್ನು ಊರಿನಿಂದೂರಿಗೆ ಕೊಂಡುಹೋಗಿ ತೋರಿಸಿದರು, ಕಲಿಸಿದರು, 1944ರಲ್ಲಿ ನಲುವತ್ತು ದಾಟುವ ಮೊದಲೇ ತೀರಿಕೊಂಡರು. ಅವರ ಮಗ ಗೋವಿಂದನ್‌ಕುಟ್ಟಿ ನಾಯರ್ 1956ರಲ್ಲಿ ತಿರುವನಂತಪುರದಲ್ಲಿ ಕಳರಿ ತೆರೆದರು.

ಲೆಕ್ಕ ಹಾಕಿ ನೋಡಿ. ಒಬ್ಬ ಮುದುಕ ಗುರು, ಒಬ್ಬ ಶಿಷ್ಯ. ಆ ಶಿಷ್ಯ 39ನೇ ವಯಸ್ಸಿಗೇ ಹೋದರು. ನಡುವೆ ಹತ್ತು ವರ್ಷ ಹೆಚ್ಚು ಕಮ್ಮಿಯಾಗಿದ್ದರೆ ಈ ಕೊಂಡಿ ಇರುತ್ತಿರಲಿಲ್ಲ. ನಾವು ಪರಂಪರೆ, ಪರಂಪರೆ ಎಂದು ವೇದಿಕೆಯಲ್ಲಿ ಹೇಳುವಾಗ ಅದು ಬೆಟ್ಟದ ಹಾಗೆ ತನ್ನಷ್ಟಕ್ಕೇ ಕೂತಿರುತ್ತದೆ ಎಂಬ ಧಾಟಿ ಇರುತ್ತದೆ. ನಿಜಕ್ಕೂ ಅದು ಒಬ್ಬಿಬ್ಬರ ಆಯುಸ್ಸಿನ ಮೇಲೆ ನಿಂತಿರುತ್ತದೆ.

1976ರಲ್ಲಿ ಫಿಲಿಪ್ ಝರಿಲ್ಲಿ ಎಂಬ ಅಮೆರಿಕದವರು ಈ ತಿರುವನಂತಪುರದ ಕಳರಿಗೆ ಬಂದರು. ರಂಗಭೂಮಿಯ ಮನುಷ್ಯ. ಬಂದು, ಹೋಗಿ, ಮತ್ತೆ ಬಂದು ಕಲಿತರು. 1988ರಲ್ಲಿ ಗುರು ಅವರಿಗೆ ಪೀಠ ಕೊಟ್ಟರು. ಪೀಠ ಅಂದರೆ ನೋಡಲಿಕ್ಕೆ ಒಂದು ಮಣೆ, ಅಷ್ಟೆ. ಅದರ ಅರ್ಥ, ಇನ್ನು ನೀನು ಕಲಿಸಬಹುದು. ನಮ್ಮ ಭಾಷೆಯಲ್ಲಿ ಇಜಾಝತ್. ಕಲಿಯಲು ಬಂದ ದಿನದಿಂದ ಕಲಿಸಲು ಒಪ್ಪಿಗೆ ಸಿಗುವ ದಿನದವರೆಗೆ 12 ವರ್ಷ. ಮೂರು ತಿಂಗಳ ಬೇಸಿಗೆ ಶಿಬಿರದ ಕೊನೆಗೆ ಸರ್ಟಿಫಿಕೇಟು ಹಂಚುವ ನಮಗೆ ಈ ಒಂದು ಸಂಖ್ಯೆ ಗೊತ್ತಿರಲಿ.

ಇದರಲ್ಲಿ ಮುಸ್ಲಿಮರ ಪಾಲೆಷ್ಟು ಎಂಬ ಪ್ರಶ್ನೆ ಬರುತ್ತದೆ. ಬರಲಿ. ಮಂಜೇರಿಯಲ್ಲಿ ಕುರಿಕ್ಕಳ್ ಎಂಬ ಮಾಪ್ಪಿಳ ಮನೆತನ ಇದೆ. ಕುರಿಕ್ಕಳ್ ಎಂದರೆ ಗುರುಕ್ಕಳ್, ಆಯುಧ ವಿದ್ಯೆ ಕಲಿಸುವವರು. 1849ರಲ್ಲಿ ಮಂಜೇರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ ಅತ್ತನ್ ಕುರಿಕ್ಕಳ್ ಹೆಸರಿನಲ್ಲೂ, 1967ರಲ್ಲಿ ಕೇರಳದ ಮಂತ್ರಿಯಾದ ಅಹ್ಮದ್ ಕುರಿಕ್ಕಳ್ ಹೆಸರಿನಲ್ಲೂ ಇರುವುದು ಅದೇ ಪದ. ವಡಕ್ಕನ್ ಪಾಟ್ಟು ಎಂಬ ವೀರಗೀತೆಗಳನ್ನು ತೆಗೆದುಕೊಳ್ಳಿ. ಅಲ್ಲಿ ತಚ್ಚೋಳಿ ಒದೇನನ ಗೆಳೆಯ ಕುಂಞಾಲಿ ಮರಕ್ಕಾರ್ ಇದ್ದಾರೆ. ನಾದಾಪುರದ ದಾರಿಯಲ್ಲಿ ಉಣ್ಣಿಯಾರ್ಚಳಿಗೆ ಅಡ್ಡ ನಿಂತು ಪೆಟ್ಟು ತಿಂದ ಜೋನಕರೂ ಇದ್ದಾರೆ. ಜೋನಕರು ಅಂದರೆ ನಾವೇ, ಮುಸ್ಲಿಮರು. ಮೊದಲನೆಯ ಕಥೆಯನ್ನು ಮಾತ್ರ ಭಾಷಣದಲ್ಲಿ ಹೇಳಿ ಎರಡನೆಯದನ್ನು ನುಂಗುವುದು ಸರಿಯಲ್ಲ. ಗೆಳೆಯರಾಗಿಯೂ ಎದುರಾಳಿಗಳಾಗಿಯೂ ನಾವು ಆ ಲೋಕದೊಳಗೇ ಇದ್ದವರು.

ಅಲ್ಲಿನ ಮಾಪ್ಪಿಳರ ಕೋಲ್ಕಳಿಯನ್ನು ನೋಡಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕಾಲಿಡುವ ಕ್ರಮ, ಬಗ್ಗುವ ಕ್ರಮ ಕಳರಿಯದ್ದು. ತಂಡದ ಹಿರಿಯನನ್ನು ಕರೆಯುವುದು ಗುರುಕ್ಕಳ್ ಎಂದೇ. ಅವನು ಕೂಗಿ ಹೇಳುವ ಆಜ್ಞೆಗೆ ವಾಯ್ತಾರಿ ಎಂದು ಹೆಸರು. ಕಳರಿಯಲ್ಲೂ ಅದಕ್ಕೆ ಅದೇ ಹೆಸರು.

ಈ ವಾಯ್ತಾರಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಳರಿ ಎಂದರೆ ಮೂಲದಲ್ಲಿ ಒಂದು ಗುಂಡಿ. ನೆಲಕ್ಕಿಂತ ಮೂರ್ನಾಲ್ಕು ಅಡಿ ಕೆಳಗೆ ತೋಡಿ, ಸುಮಾರು 42 ಅಡಿ ಉದ್ದ, 21 ಅಡಿ ಅಗಲ ಇಟ್ಟು, ಮೇಲೆ ಮಾಡು ಹಾಕಿದ ಜಾಗ. ಒಳಗೆ ತಂಪು, ಗಾಳಿ ನೇರ ಹೊಡೆಯುವುದಿಲ್ಲ, ಎಣ್ಣೆ ಹಚ್ಚಿದ ಮೈಗೆ ಅದು ಹಿತ. ಪಾಠ ಶುರುವಾಗುವುದು ಮೈತ್ತಾರಿಯಿಂದ. ಬರಿಮೈಯ ಕಸರತ್ತು. ಬೇರೆ ಬೇರೆ ಒದೆತ, ಬಾಗು, ನೆಗೆತ, ಅವುಗಳನ್ನು ಪೋಣಿಸಿದ ಮೈಪ್ಪಯಟ್ಟು. ಇದು ಪಳಗುವವರೆಗೆ ಕೈಗೆ ಕೋಲೂ ಸಿಗುವುದಿಲ್ಲ. ಆಮೇಲೆ ಕೋಲ್ತಾರಿ. ಉದ್ದ ಕೋಲು, ಗಿಡ್ಡ ಕೋಲು, ಆನೆಯ ಸೊಂಡಿಲಿನ ಹಾಗೆ ಬಾಗಿದ ಒಟ್ಟ. ಅದೂ ಆದ ಮೇಲೆ ಅಂಗತ್ತಾರಿ. ಕಠಾರಿ, ಕತ್ತಿ ಗುರಾಣಿ, ಈಟಿ, ಸೊಂಟಕ್ಕೆ ಸುತ್ತಿಕೊಳ್ಳಬಹುದಾದ ಉರುಮಿ. ಕೊನೆಗೆ ವೆರುಂಕೈ, ಅಂದರೆ ಬರಿಗೈ. ನಮ್ಮ ಮಕ್ಕಳು ಸಿನಿಮಾ ನೋಡಿ ಬಂದು ಮೊದಲ ದಿನವೇ ಕೇಳುವುದು ಉರುಮಿಯನ್ನು. ಅದು ಬೀಸುವವನ ಕಿವಿಯನ್ನೇ ಮೊದಲು ಕತ್ತರಿಸುವ ಆಯುಧ, ಅಷ್ಟು ಬೇಗ ಸಿಗುವಂಥದ್ದಲ್ಲ.

ಇಷ್ಟೂ ಹಂತದಲ್ಲಿ ಗುರು ಮಾಡುವ ಕೆಲಸ ತಾನು ಕುಣಿದು ತೋರಿಸುವುದಲ್ಲ. ಬದಿಯಲ್ಲಿ ನಿಂತು ವಾಯ್ತಾರಿ ಹೇಳುತ್ತಾನೆ. ಬಲಕ್ಕೆ, ಎಡಕ್ಕೆ, ಕೂತು, ಎದ್ದು, ತಿರುಗಿ, ಹೀಗೆ ಒಂದರ ಹಿಂದೊಂದು, ಉಸಿರಿಗೆ ಸರಿಯಾಗಿ. ಮಕ್ಕಳು ಅದರಂತೆ ಚಲಿಸುತ್ತಾರೆ. ಯಾರ ಮೊಣಕಾಲು ಒಳಕ್ಕೆ ಬಾಗಿತು, ಯಾರು ಉಸಿರು ಬಿಗಿ ಹಿಡಿದರು ಎಂದು ನೋಡುತ್ತ ಗುರು ವಾಯ್ತಾರಿಯನ್ನು ನಿಧಾನ ಮಾಡುತ್ತಾನೆ, ಅವಸರ ಮಾಡುತ್ತಾನೆ. ಹೋಗಿ ಬೆನ್ನು ಮುಟ್ಟಿ ನೇರ ಮಾಡುತ್ತಾನೆ. ಯೂಟ್ಯೂಬಿನ ವೀಡಿಯೋ ಎಷ್ಟು ಚಂದ ಇದ್ದರೂ ಎದುರಿಗಿರುವ ಮಗುವಿನ ಮೊಣಕಾಲನ್ನು ಅದು ನೋಡುವುದಿಲ್ಲ. ವೀಡಿಯೋದಲ್ಲಿ ಇಟ್ಟಿದ್ದೇವೆ, ಇನ್ನು ಹೋಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಕಿರಾಅತ್ತಿನ ರೆಕಾರ್ಡಿಂಗ್ ಬೇಕಾದಷ್ಟಿದೆ, ಹಾಗಂತ ಮದ್ರಸಕ್ಕೆ ಬೀಗ ಹಾಕಿದ್ದೀರಾ?

ಬ್ಯಾರಿ ಮನೆಯ ಮಗುವಿಗೆ ಇಲ್ಲೊಂದು ಅನುಕೂಲ ಉಂಟು. ವಾಯ್ತಾರಿ ಇರುವುದು ಮಲಯಾಳದಲ್ಲಿ. ಮನೆಯಲ್ಲಿ ಬ್ಯಾರಿ ಮಾತಾಡುವ ಮಗುವಿನ ಕಿವಿಗೆ ಅದು ಪರದೇಶದ ಭಾಷೆಯಲ್ಲ, ಕಾಲು ಭಾಗ ಕೇಳಿದರೆ ಉಳಿದದ್ದು ಊಹೆಗೆ ಸಿಗುತ್ತದೆ. ಬೆಂಗಳೂರಿನ ಹುಡುಗ ಪದ ಕಂಠಪಾಠ ಮಾಡುವ ಹೊತ್ತಿಗೆ ನಮ್ಮ ಹುಡುಗ ಕಾಲೆತ್ತಿರುತ್ತಾನೆ.

ಗುರುಗಳ ಕಡೆಯ ತಪ್ಪನ್ನೂ ಹೇಳಬೇಕು. ಮರ್ಮದ ಅರಿವನ್ನು, ಎಲ್ಲಿ ತಟ್ಟಿದರೆ ಮೈ ಜೋಮು ಹಿಡಿಯುತ್ತದೆ, ಅದನ್ನು ಬಿಡಿಸುವುದು ಹೇಗೆ ಎಂಬುದನ್ನು, ಹಳಬರು ಕೊನೆಯ ತನಕ ಮುಚ್ಚಿಟ್ಟುಕೊಂಡರು. ಕಾರಣ ಇತ್ತು. ಸಿಟ್ಟಿನ ಹುಡುಗನ ಕೈಗೆ ಅದು ಸಿಗಬಾರದು. ಆದರೆ ಯೋಗ್ಯ ಶಿಷ್ಯ ಬರಲಿ ಎಂದು ಕಾದು, ಬಾರದೆ, ವಿದ್ಯೆಯನ್ನು ಕಬರಿಗೋ ಚಿತೆಗೋ ಕೊಂಡುಹೋದವರು ಎಷ್ಟು ಮಂದಿ! ಚಿರಕ್ಕಲ್ ಟಿ. ಶ್ರೀಧರನ್ ನಾಯರ್ ಅಂಥವರು ಕಳರಿಯ ಪಾಠವನ್ನು ಮಲಯಾಳದಲ್ಲಿ ಪುಸ್ತಕವಾಗಿ ಬರೆದರು. ಅವರ ಮಗ ಎಸ್.ಆರ್.ಡಿ. ಪ್ರಸಾದ್ ಕಲಿಸುವುದನ್ನೂ ಬರೆಯುವುದನ್ನೂ ಮುಂದುವರಿಸಿದರು, 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮನೆಯಲ್ಲಿ ಬರವಣಿಗೆಯೂ ಪಾಠವೂ ಜೊತೆಜೊತೆಗೆ ನಡೆಯಿತು ಎಂಬುದನ್ನು ಗಮನಿಸಿ.

ಇನ್ನು ನಮ್ಮ ಮನೆಗಳ ಸ್ಥಿತಿ. ಮಕ್ಕಳನ್ನು ಕರಾಟೆಗೆ ಕಳಿಸುತ್ತೇವೆ, ಒಳ್ಳೆಯದೇ. ನನ್ನ ತಂಗಿಯ ಮಗ ಹೋಗುತ್ತಾನೆ. ಅವನ ಕ್ಲಾಸಿನ ಗೋಡೆಯಲ್ಲಿ ಫುನಾಕೋಶಿಯ ಫೋಟೋ ಇದೆ, 1922ರಲ್ಲಿ ಓಕಿನಾವದಿಂದ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದವರು ಎಂದು ಹುಡುಗ ಹೇಳುತ್ತಾನೆ. ನೂರು ವರ್ಷದ ಹಿಂದಿನ ಜಪಾನಿನ ಗುರುವಿನ ಹೆಸರು ಬಂಟ್ವಾಳದ ಹುಡುಗನ ಬಾಯಲ್ಲಿದೆ. ಕರಾಟೆಯವರು ತಮ್ಮ ಸರಪಳಿಯನ್ನು ಗೋಡೆಗೆ ಹಾಕಿದ್ದಾರೆ. ಮೆಚ್ಚಬೇಕು. ನಮ್ಮ ತಾಲೀಮು ಕಲಿಸಿದ ಕಾಕನ ಫೋಟೋ ಎಲ್ಲಿದೆ? ಅವರ ಹೆಸರನ್ನಾದರೂ ಯಾರಾದರೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರಾ?

ಕಲಿತ ಹುಡುಗರೂ ನಿಲ್ಲುವುದಿಲ್ಲ. ಹದಿನೆಂಟು ಇಪ್ಪತ್ತಕ್ಕೆ ಪಾಸ್‌ಪೋರ್ಟ್, ಇಪ್ಪತ್ತೆರಡಕ್ಕೆ ದಮ್ಮಾಮೋ ದುಬೈಯೋ. ಮನೆ ನಡೆಯಬೇಕು, ತಂಗಿಯರ ಮದುವೆ ಆಗಬೇಕು, ಅದನ್ನು ದೂರುವ ಹಕ್ಕು ನನಗಿಲ್ಲ. ಆದರೆ ಕಲಿತವನು ಕಲಿಸುವ ವಯಸ್ಸಿಗೆ ಬರುವಾಗಲೇ ಊರು ಬಿಡುತ್ತಾನೆ. ಹದಿನೈದು ವರ್ಷ ಬಿಟ್ಟು ಬೆನ್ನು ನೋವು, ಶುಗರ್ ಕಟ್ಟಿಕೊಂಡು ವಾಪಸು ಬರುವಾಗ ಮೈ ಮರೆತಿರುತ್ತದೆ.

ಹಾಗಾದರೆ ಊರಲ್ಲಿ ಉಳಿಯುವವರು ಯಾರು? ಹುಡುಗಿಯರು ಮತ್ತು ಹೆಂಗಸರು. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ವಡಕರದ ಪುದುಪ್ಪಣದಲ್ಲಿ ರಾಘವನ್ ಗುರುಕ್ಕಳ್ 1949ರಲ್ಲಿ ಕಡತ್ತನಾಡನ್ ಕಳರಿ ಸಂಘ ಕಟ್ಟಿದರು. ಏಳನೇ ವಯಸ್ಸಿಗೆ ಕಳರಿಗೆ ಇಳಿದ ಮೀನಾಕ್ಷಿ ಎಂಬ ಹುಡುಗಿ ಅವರಲ್ಲಿ ಕಲಿತಳು, ಮುಂದೆ ಅವರನ್ನೇ ಮದುವೆಯಾದಳು. ಗಂಡ ತೀರಿಕೊಂಡ ಮೇಲೆ ಕಳರಿ ನಿಲ್ಲಲಿಲ್ಲ, ಮೀನಾಕ್ಷಿ ಅಮ್ಮ ಗುರುಕ್ಕಳ್ ಆದರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತರ ಮೇಲೆ ವಯಸ್ಸು, ಸೀರೆ ಎತ್ತಿಕಟ್ಟಿ ಕತ್ತಿ ಹಿಡಿದ ಅವರ ಚಿತ್ರ ಎಲ್ಲ ಪೇಪರಿನಲ್ಲೂ ಬಂತು. ಹುಡುಗಿಗೆ ಕಲಿಸಿದ್ದರಿಂದ ಒಂದು ಕಳರಿ ಗುರುವಿನ ಮರಣವನ್ನು ದಾಟಿತು. ನಮ್ಮಲ್ಲಿ ಹುಡುಗಿಯರಿಗೆ ಬೇರೆ ಹೊತ್ತು, ಬೇರೆ ಜಾಗ, ಹೆಂಗಸರೇ ಕಲಿಸುವ ಏರ್ಪಾಡು ಬೇಕು ಎಂದರೆ ಆಗಲಿ. ಅದಕ್ಕೂ ಮೊದಲು ಒಬ್ಬ ಹುಡುಗಿ ಕಲಿತಿರಬೇಕಲ್ಲ.

ಇನ್ನೊಂದು ಪ್ರಶ್ನೆಯನ್ನು ಉಮ್ಮಂದಿರು ಕೇಳಿಯೇ ಕೇಳುತ್ತಾರೆ. ಕಳರಿಯಲ್ಲಿ ಪೂತ್ತರ ಇರುತ್ತದೆ, ದೀಪ ಇರುತ್ತದೆ, ಗುರುವಿನ ಕಾಲು ಮುಟ್ಟಬೇಕು, ನಮ್ಮ ಮಕ್ಕಳಿಗೆ ಅದು ಆಗುತ್ತದಾ? ಪ್ರಶ್ನೆ ಸರಿಯಾದದ್ದೇ. ಮಲಬಾರಿನಲ್ಲಿ ಮುಸ್ಲಿಂ ಗುರುಕ್ಕಳ್‌ಗಳು ಇದಕ್ಕೆ ತಮ್ಮದೇ ದಾರಿ ಮಾಡಿಕೊಂಡು ಕಲಿಸಿದ್ದಾರೆ, ಮೈಯ ಪಾಠ ಅದೇ ಇಟ್ಟುಕೊಂಡು. ಬೇರೆ ಸಮುದಾಯದ ಗುರು ಸಿಕ್ಕಿದರೆ ಮೊದಲ ದಿನವೇ ಮರ್ಯಾದೆಯಿಂದ ಕೂತು ಮಾತಾಡಿ. ಗುರುಗಳೇ, ನಮ್ಮ ನಂಬಿಕೆ ಹೀಗುಂಟು, ನಿಮ್ಮ ಕ್ರಮ ಹೀಗುಂಟು, ಎಂತ ಮಾಡುವ? ಮಾತಾಡದೆ ಮನೆಯಲ್ಲೇ ಕೂತು ಬೇಡ ಎಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಸರಕಾರದ ಮಾನ್ಯತೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಯೂ ಕೆಲವರಿಗಿದೆ. ಕಳರಿಪಯಟ್ಟನ್ನು 2020ರ ಕೊನೆಗೆ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿದರು. 2023ರ ಗೋವಾ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅದಕ್ಕೆ ಪದಕ ಇತ್ತು, 2025ರ ಉತ್ತರಾಖಂಡದ ಕೂಟದಲ್ಲಿ ಬರೀ ಪ್ರದರ್ಶನದ ಪಟ್ಟಿಗೆ ಇಳಿಯಿತು. ಒಂದು ವರ್ಷ ಕೊಟ್ಟದ್ದನ್ನು ಇನ್ನೊಂದು ವರ್ಷ ತೆಗೆಯುತ್ತಾರೆ. ಸಿಕ್ಕಿದರೆ ತೆಗೆದುಕೊಳ್ಳುವ, ಅದನ್ನೇ ನೆಚ್ಚಿ ಕೂರುವುದು ಬೇಡ.

ಜಾಗ ಕಟ್ಟಿದರೆ ಸಾಕು ಎಂಬ ಇನ್ನೊಂದು ಯೋಚನೆ. ಇದಕ್ಕೆ ನಮ್ಮ ತುಳುನಾಡಿನಲ್ಲೇ ಉದಾಹರಣೆ ಉಂಟು. ಕಂಕನಾಡಿಯ ಗರಡಿಯ ಎದುರು ದಿನಾ ಹೋಗಿ ಬರುವವರು ನಾವು. ಗರಡಿ ಎಂಬ ಹೆಸರೇ ಸಾಮು ಕಲಿಯುವ ಜಾಗದ್ದು. ಕೋಟಿ ಚೆನ್ನಯರ ಹೆಸರಿನ ಗರಡಿಗಳು ಇವತ್ತು ಭಕ್ತಿಯ ಸ್ಥಳಗಳು, ಬಿಲ್ಲವ ಬಂಧುಗಳು ಅವುಗಳನ್ನು ಉಳಿಸಿಕೊಂಡ ಶ್ರದ್ಧೆ ದೊಡ್ಡದು. ಆದರೆ ಅವಳಿ ವೀರರು ಕಲಿತ ಆ ಸಾಮು, ಗುರುವಿನಿಂದ ಶಿಷ್ಯನಿಗೆ ಬರುವ ಪಾಠವಾಗಿ ಇವತ್ತು ಅಲ್ಲಿ ನಡೆಯುವುದಿಲ್ಲ. ಇದನ್ನು ಅವರ ಕೊರತೆಯಾಗಿ ಹೇಳುತ್ತಿಲ್ಲ, ಹಾಗೆ ಹೇಳುವ ಯೋಗ್ಯತೆ ನಮಗಿಲ್ಲ. ನಮ್ಮ ಹತ್ತಿರ ಆ ಜಾಗವೂ ಇಲ್ಲ.

ಮೆರವಣಿಗೆಯ ತಾಲೀಮು ಬೇಡ ಎನ್ನುತ್ತಿಲ್ಲ. ಅದನ್ನು ನೋಡಿಯೇ ಎಷ್ಟೋ ಮಕ್ಕಳಿಗೆ ಆಸೆ ಹುಟ್ಟುವುದು. ಆದರೆ ಮೆರವಣಿಗೆಗೆ ಒಂದು ತಿಂಗಳು ಮುಂಚೆ ಪ್ರಾಕ್ಟೀಸು ಶುರು ಮಾಡಿ ಮರುದಿನವೇ ದೊಣ್ಣೆಯನ್ನು ಅಟ್ಟಕ್ಕೆ ಎಸೆದರೆ ಕಲಿತವನು ಯಾರೂ ಉಳಿಯುವುದಿಲ್ಲ. ವರ್ಷವಿಡೀ ವಾರಕ್ಕೆ ಮೂರು ದಿನ, ಸುಬ್‌ಹ್ ಆದ ಮೇಲೆ ಮದ್ರಸಕ್ಕೆ ಮುಂಚೆ ಮುಕ್ಕಾಲು ಗಂಟೆ, ಸಾಕು. ದಫ್ ತಂಡಗಳಿಗೆ ಒಟ್ಟು ಸೇರುವ ಅಭ್ಯಾಸ ಹೇಗೂ ಇದೆ, ಅಲ್ಲಿಂದಲೇ ಹುಡುಗರನ್ನು ಎತ್ತಿಕೊಳ್ಳಬಹುದು.

ಉಳಿದದ್ದು ದುಡ್ಡಿನ ಮಾತು. ನಾವು ಕಲಿಸುವವರನ್ನು ಗೌರವಿಸುವ ಕ್ರಮ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಶಾಲು, ಹಾರ, ಪೇಟ, ಒಂದು ಬುಟ್ಟಿ ಹಣ್ಣು, ಗಾಜಿನ ಪೆಟ್ಟಿಗೆಯಲ್ಲಿ ಸ್ಮರಣಿಕೆ. ಮನೆಗೆ ಹೋಗಿ ಅವರು ಶಾಲನ್ನು ಎಂತ ಮಾಡಬೇಕು? ಒಬ್ಬ ಹಿರಿಯ ದಫ್ ಉಸ್ತಾದರ ಮನೆಯಲ್ಲಿ ಕಪಾಟಿನ ತುಂಬ ಶಾಲು ನೋಡಿದ್ದೇನೆ. ತಿಂಗಳ ಔಷಧಿಗೆ ಮಗನ ಮುಖ ನೋಡುತ್ತಿದ್ದರು. ಮದ್ರಸದ ಉಸ್ತಾದರಿಗೆ ಸಂಬಳ ಕಮ್ಮಿಯಾದರೂ ತಿಂಗಳಿಗೆ ಸರಿಯಾಗಿ ಕೊಡುವ ಜಮಾಅತ್ ಇದೆ. ಮೈಯ ವಿದ್ಯೆ ಕಲಿಸುವವನಿಗೂ ಅಂಥ ಒಂದು ತಿಂಗಳ ಲೆಕ್ಕ ಬೇಕು.

ಒಂದು ಜಮಾಅತ್‌ನಲ್ಲಿ 20 ಮಕ್ಕಳು ಸಿಗುವುದು ಕಷ್ಟವಲ್ಲ. ಒಬ್ಬರಿಗೆ ತಿಂಗಳಿಗೆ 500 ರೂಪಾಯಿ ಎಂದರೆ 10,000. ಕೊಡಲಾಗದ ಐದು ಮನೆಯ ಪಾಲನ್ನು ಗಲ್ಫಿನಲ್ಲಿರುವ ಊರಿನ ಹುಡುಗರು ಹೊತ್ತುಕೊಳ್ಳುತ್ತಾರೆ, ಕೇಳಿದರೆ ಇಲ್ಲ ಎನ್ನುವವರಲ್ಲ ಅವರು. ಇಷ್ಟಿದ್ದರೆ ಊರಿನ ಹಳೆಯ ತಾಲೀಮು ಉಸ್ತಾದರಿಗೆ ತಿಂಗಳಿಗೆ ಒಂದು ಮೊತ್ತ ಕೊಟ್ಟು, ಕಾಸರಗೋಡು ಕಡೆಯಿಂದ ಒಬ್ಬ ಗುರುಕ್ಕಳ್ ಅವರನ್ನು ವಾರಕ್ಕೊಮ್ಮೆಯಾದರೂ ರೈಲಿನಲ್ಲಿ ಕರೆಸಬಹುದು. ಕಳರಿಯವರು ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದು, ಎಣ್ಣೆ ಹಚ್ಚಿ ಉಳಿಚ್ಚಿಲ್ ಮಾಡಿ ಮೈ ಹದ ಮಾಡುವುದು ಮಳೆಗಾಲದಲ್ಲಿ. ಅವರ ಕರ್ಕಟಕ, ನಮ್ಮ ಆಟಿ. ಹೊಸ ಪುಸ್ತಕ ತೆಗೆದು ಮೊದಲ ಪುಟದಲ್ಲಿ ಊರಿನಲ್ಲಿ ತಾಲೀಮು ಕಲಿಸಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ನೆನಪಿರುವಷ್ಟು ಹಿಂದಕ್ಕೆ ಬರೆದುಕೊಳ್ಳಲು ಆಟಿಯವರೆಗೆ ಕಾಯಬೇಕಾಗಿಲ್ಲ. ಹೇಳುವ ಕಾಕಂದಿರು ಮಗ್ರಿಬ್ ಆದ ಮೇಲೆ ಪಳ್ಳಿಯ ಜಗಲಿಯಲ್ಲೇ ಕೂತಿರುತ್ತಾರೆ.